ಬೂಷ್ಟಿಗೆ ಕೊಟ್ಟ ಬಳ್ಳಿ

ಮೊನ್ನೆ ಅಡುಗೆಮನೆಯ ಮೇಲಿನ ಗೂಡಿನಿಂದ ಜೋಳದ ಹಿಟ್ಟಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಬೂಷ್ಟಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮಳೆ ಹಿಡಿದುಕೊಂಡಿದ್ದ ವಾರ, ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಹಿಟ್ಟಿನ ಮೇಲೆ ಬೆಳ್ಳಗೆ ಹತ್ತಿಯಂಥದು ಹಬ್ಬಿತ್ತು. ಚೆಲ್ಲುವುದು ಬಿಟ್ಟು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ಯಾರೋ ಕಿವಿಯ ಹತ್ತಿರವೇ ಕೂಗಿದ ಹಾಗಾಯಿತು. "ಬಿಸಿ ಹಿಟ್ಟಿಗೆ ಮುಚ್ಚಳ ಹಾಕಬ್ಯಾಡ್ರೇ ಅಂತ ಎಷ್ಟು ಸಲ ಬಡ್ಕಳ್ಳಿ ನಿಮಗೆ!"

ಅದು ಗಿರಣಿ ಅತ್ತೆಯ ದನಿ...

ನ್ಯಾಮತಿಯಲ್ಲಿ ನಮ್ಮ ಮನೆಗೂ ಅವರ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಸಂಬಂಧದಲ್ಲಿ ಅವರು ನನಗೆ ಅತ್ತೆಯೇನೂ ಅಲ್ಲ, ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಜಗಳೂರು ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದರೂ ಮಾರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ನಿಂತರು. ಹಗಲೆಲ್ಲ ಆ ಸದ್ದಿನಲ್ಲಿ ಇದ್ದು ಇದ್ದು ಮೆತ್ತಗೆ ಮಾತಾಡುವುದೇ ಅವರಿಗೆ ಮರೆತುಹೋಗಿತ್ತು. ಅವರು ಗುಟ್ಟು ಹೇಳಿದರೆ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ರೆಪ್ಪೆಯ ಮೇಲೆ ಸದಾ ಹಿಟ್ಟು. ಕಣ್ಣು ಮಿಟುಕಿಸಿದರೆ ಕೆನ್ನೆಯ ಮೇಲೆ ಒಂದಿಷ್ಟು ಉದುರುತ್ತಿತ್ತು. ಬೂಷ್ಟು ಎಂದರೆ ಅವರಿಗೆ ಹುಟ್ಟು ವೈರಿ. ಯಾರಾದರೂ ಮುಗ್ಗಲು ಹಿಡಿದ ಜೋಳ ತಂದರೆ ಚೀಲದ ಬಾಯಿಗೆ ಮೂಗು ಹಚ್ಚಿ ನೋಡಿ, ನಿಂತ ಕಾಲ ಮೇಲೆ ಮನೆಗೆ ಕಳಿಸಿಬಿಡುತ್ತಿದ್ದರು.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಮಗ, ಚಿಕ್ಕವಳು ಮಗಳು. ಮಗ ಸಣ್ಣವನಿದ್ದಾಗ ನಮ್ಮ ಹಾಗೆಯೇ ಬೀದಿಯಲ್ಲಿ ಆಡುತ್ತಿದ್ದ. ಸ್ಕೂಲಿಗೆ ಸೇರಿದ ಮೇಲೆ ಬೀಳಲು ಶುರು ಮಾಡಿದ. ಓಡುವಾಗ ಬಿದ್ದ, ನಡೆಯುವಾಗ ಬಿದ್ದ, ಆಮೇಲೆ ನೆಲದಿಂದ ಏಳಬೇಕಾದರೆ ತನ್ನ ತೊಡೆಯ ಮೇಲೆಯೇ ಕೈ ಊರಿಕೊಂಡು ಏಳಬೇಕಾಯಿತು. ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸೊರಗುವ ಕಾಯಿಲೆ, ಗಂಡು ಮಕ್ಕಳನ್ನೇ ಹಿಡಿಯುವಂಥದು, ಹೆಚ್ಚಾಗಿ ತಾಯಿಯ ಮೂಲಕ ಬರುವಂಥದು. ಅದರ ಹೆಸರು ನಮ್ಮ ಬೀದಿಗೆ ಆಗ ಗೊತ್ತಿರಲಿಲ್ಲ. ದೃಷ್ಟಿ ಅಂದರು, ಗ್ರಹಚಾರ ಅಂದರು, ಕೊನೆಗೆ ಅತ್ತೆಯ ಹೊಟ್ಟೆಯದೇ ದೋಷ ಅಂದರು. ಸ್ಕೂಲು ಬಿಟ್ಟ ಮೇಲೆ ಅತ್ತೆ ಅವನನ್ನು ದಿನಾ ಎತ್ತಿಕೊಂಡು ಬಂದು ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕೂರಿಸುತ್ತಿದ್ದರು. ಕೈಯಲ್ಲೊಂದು ಕೋಲು. ಸರದಿಯಲ್ಲಿ ಮುಂದೆ ಯಾರ ಡಬ್ಬಿಯೋ ಅದಕ್ಕೆ ಅವನು ಕೋಲಿನಿಂದ ಟಣ್ ಎಂದು ಬಡಿಯಬೇಕು. ಆ ಗದ್ದಲದಲ್ಲೂ ಅತ್ತೆಗೆ ಆ ಟಣ್ ಕೇಳುತ್ತಿತ್ತು. ಸರದಿ ತಪ್ಪಿಸಿ ಡಬ್ಬಿ ಮುಂದೆ ತಳ್ಳಿದವರಿಗೆ ಅವನು ಕೋಲು ತೋರಿಸಿ ನಗುತ್ತಿದ್ದ... ಮೀಸೆ ಚಿಗುರುವ ಹೊತ್ತಿಗೆ ಕೋಲು ಎತ್ತಲೂ ಆಗದೆ, ಒಂದು ಮಧ್ಯಾಹ್ನ ಅದೇ ಚೀಲಕ್ಕೆ ಒರಗಿಕೊಂಡು ಹೋಗಿಬಿಟ್ಟ.

ಇದಾಗಿ ವರ್ಷಗಳು ಕಳೆದವು. ನಾನು ಓದು ಮುಗಿಸಿ ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಹುಟ್ಟಿನಿಂದ ಬರುವ ಕಾಯಿಲೆಗಳ ಬಗ್ಗೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಗಿರಣಿ ಅತ್ತೆಯ ಮಗಳು ಮದುವೆಯಾಗಿ ಸವಳಂಗಕ್ಕೆ ಹೋದಳು. ಗಂಡ ಒಳ್ಳೆಯವನು, ಮನೆಯಲ್ಲಿ ತೊಂದರೆ ಇಲ್ಲ. ಆದರೆ ಅವಳು ಮಗು ಬೇಡ ಎಂದು ಪಟ್ಟು ಹಿಡಿದಿದ್ದಳು. ಅಣ್ಣ ದಿನದಿನಕ್ಕೆ ಬಿದ್ದಿದ್ದನ್ನು ಕಣ್ಣಾರೆ ಕಂಡವಳು. ಹುಟ್ಟಿದ್ದು ಗಂಡಾದರೆ, ಅದೂ ಹೀಗೇ ಆದರೆ ಎನ್ನುವ ಭಯ ಅವಳನ್ನು ಬಿಡಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಅವಳ ರಕ್ತವನ್ನೂ ಅತ್ತೆಯ ರಕ್ತವನ್ನೂ ನೋಡಿ, ದೋಷ ಕಾಣುತ್ತಿಲ್ಲ, ಇರಲಿಕ್ಕಿಲ್ಲ ಎಂದಿದ್ದರು. ಖಾತ್ರಿಯಾಗಿ ಹೇಳಬೇಕಾದರೆ ಸತ್ತ ಹುಡುಗನಲ್ಲಿ ತಪ್ಪು ಯಾವ ಜಾಗದಲ್ಲಿತ್ತು ಎಂದು ತಿಳಿಯಬೇಕು, ಆಗ ತಂಗಿಯಲ್ಲಿ ಅದೇ ಜಾಗ ಹುಡುಕಬಹುದು ಎಂದೂ ಸೇರಿಸಿದ್ದರು. ಆ ಹುಡುಗಿಗೆ 'ಇರಲಿಕ್ಕಿಲ್ಲ' ಸಾಲಲಿಲ್ಲ. ಸಾಲುವ ಮಾತೂ ಅಲ್ಲ ಬಿಡಿ.

ಒಂದು ಭಾನುವಾರ ನಾನು ಊರಿಗೆ ಹೋಗಿದ್ದೆ. ಕರೆಂಟ್ ಇರಲಿಲ್ಲ, ಗಿರಣಿ ನಿಂತಿತ್ತು. ಅತ್ತೆ ಹಿತ್ತಿಲ ಬಾಗಿಲಿನಿಂದ ಬಂದು ನನ್ನ ಪಕ್ಕ ಕೂತರು.

"ಸತ್ತೋನ ರಕ್ತ ಎಲ್ಲಿಂದ ತರ್ಲವ್ವ ನಾನು?" ಎಂದರು. ಸೊಂಟದ ಎಲೆಅಡಿಕೆ ಚೀಲ ಮುಟ್ಟಿಕೊಂಡು, "ಹೊಕ್ಕಳ ಬಳ್ಳಿ ಆದ್ರೆ ನಡೀತೈತೇನು?" ಎಂದು ಕೇಳಿದರು.

ನಮ್ಮ ಕಡೆ ಮಗುವಿನ ಹೊಕ್ಕಳ ಬಳ್ಳಿ ಒಣಗಿ ಬಿದ್ದ ಮೇಲೆ ಅದನ್ನು ಎಸೆಯುವುದಿಲ್ಲ. ಅಕ್ಕಸಾಲಿಗರ ಹತ್ತಿರ ಬೆಳ್ಳಿಯ ಪುಟ್ಟ ತಾಯಿತ ಮಾಡಿಸಿ, ಒಣಗಿದ ಬಳ್ಳಿಯನ್ನು ಅದರೊಳಗಿಟ್ಟು ಅರಗಿನಿಂದ ಬಾಯಿ ಮುಚ್ಚಿ, ಮಗುವಿನ ಉಡಿದಾರಕ್ಕೆ ಕಟ್ಟುತ್ತಾರೆ. ಅತ್ತೆಯ ಇಬ್ಬರು ಮಕ್ಕಳಿಗೂ ಹೊನ್ನಾಳಿಯ ಒಬ್ಬರೇ ಅಕ್ಕಸಾಲಿಗರು ಮಾಡಿಕೊಟ್ಟಿದ್ದರು. ಮನುಷ್ಯ ಸತ್ತಾಗ ಉಡಿದಾರ ಹರಿಯುತ್ತಾರೆ. ಮಗನನ್ನು ಮಣ್ಣು ಮಾಡುವ ದಿನ ಹರಿದ ಉಡಿದಾರವನ್ನು ತಾಯಿತದ ಸಮೇತ ಅವನ ಜೊತೆಗೇ ಇಡಬೇಕು, ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳಿದ್ದರಂತೆ. ಅತ್ತೆ ದಾರ ಮಾತ್ರ ಕೊಟ್ಟು ತಾಯಿತವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅಂದಿನಿಂದ ಅದು ಅವರ ಎಲೆಅಡಿಕೆ ಚೀಲದಲ್ಲಿತ್ತು. ಮಗಳು ದೊಡ್ಡವಳಾದಾಗ ಬಿಚ್ಚಿದ ಅವಳ ತಾಯಿತವೂ ಅವರ ಹತ್ತಿರವೇ ಇತ್ತು. ಇದನ್ನೆಲ್ಲ ಅವರು ನನಗೆ ಮೊದಲ ಸಲ ಹೇಳಿದ್ದು ಅವತ್ತೇ. ಕರೆಂಟ್ ಇಲ್ಲದಿದ್ದರೂ ಅಷ್ಟೇ ಜೋರಾಗಿ ಹೇಳಿದರು. ಬೀದಿಗೆಲ್ಲ ಕೇಳಿರಬೇಕು, ಯಾರೂ ಇಣುಕಲಿಲ್ಲ.

ಪ್ರಯೋಗಾಲಯ ನಡೆಸುವ ನಮ್ಮ ಮೇಡಂಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಬಳ್ಳಿ ಒಣಗಿದ್ದು, ಅರಗಿನಿಂದ ಮುಚ್ಚಿದ್ದು, ನೀರು ತಾಗದ್ದು ಎಂದರೆ ಇನ್ನೇನು ಬೇಕು ಎಂದರು. "ನಮ್ಮ ಪ್ರೋಟೀನೇಸ್ ಕೆ ಇದೆಯಲ್ಲ, ಅದಕ್ಕೆ ಹಾಕೋಣ."

ಈ ಪ್ರೋಟೀನೇಸ್ ಕೆ ನಮ್ಮ ಪ್ರಯೋಗಾಲಯದ ದಿನನಿತ್ಯದ ಸಾಮಾನು. ಮೊದಲು ಅದು ಸಿಕ್ಕಿದ್ದು ಒಂದು ಬಿಳಿ ಬೂಷ್ಟಿನಲ್ಲಿ. ಕೂದಲು, ಉಗುರು, ಕೊಂಬು ಇಂಥ ಗಟ್ಟಿ ಪ್ರೋಟೀನನ್ನೂ ಕರಗಿಸುವ ಕಿಣ್ವ. ಬೇರೆ ಕಿಣ್ವಗಳು ಸೋಪಿನ ನೀರು ಕಂಡರೆ ಕೈ ಚೆಲ್ಲುತ್ತವೆ, ಇದು ಅದರಲ್ಲೇ ಹುರುಪಿನಿಂದ ದುಡಿಯುತ್ತದೆ. ಒಣಗಿದ ಚೂರನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ, ಸೋಪಿನಂಥ ದ್ರವ ಸುರಿದು, ಈ ಕಿಣ್ವದ ಒಂದು ಹನಿ ಬಿಟ್ಟು ಬೆಚ್ಚಗಿಟ್ಟರೆ ಮಾರನೆಯ ದಿನ ಚೂರು ಮಾಯ. ಮಾಂಸ, ಚರ್ಮ ಎಲ್ಲವನ್ನೂ ತಿಂದು, ಹುಟ್ಟಿನ ಸುದ್ದಿಯೆಲ್ಲ ಅಡಗಿರುವ ಡಿಎನ್‌ಎಯನ್ನು ಮಾತ್ರ ಮುಟ್ಟದೆ ಬಿಡುತ್ತದೆ. ನಾನು ದಿನಾ ಮಾಡುವ ಕೆಲಸ. ಅದರಲ್ಲಿ ಯಾರ ಜೀವವಾದರೂ ಸಿಕ್ಕಿಕೊಂಡಿರಬಹುದು ಎಂದು ಆವರೆಗೆ ನನಗೆ ಅನಿಸಿರಲಿಲ್ಲ.

ಇದನ್ನೇ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ಬಿಟ್ಟು ಒಂದನ್ನೇ ಹಿಡಿದುಕೊಂಡರು.

"ಆಮೇಲೆ ಬಳ್ಳಿ ತಿರುಗಿ ಕೊಡ್ತೀಯೇನು?"

"ಇಲ್ಲ ಅತ್ತೆ. ಅದು ಪೂರ್ತಿ ಕರಗಿ ಹೋಗುತ್ತೆ."

"ಯಾವುದು ತಿನ್ನೋದು ಅಂದೆ? ಬೂಷ್ಟಾ?"

"ಬೂಷ್ಟಲ್ಲ, ಬೂಷ್ಟಿನಿಂದ ತೆಗೆದಿದ್ದು..."

"ಎರಡೂ ಒಂದೇ ಬಿಡು," ಎಂದು ಎದ್ದು ಹೋದರು. ಹಿತ್ತಿಲ ಬಾಗಿಲು ದಾಟುವಾಗ ತಿರುಗಿ ನಿಂತು, "ಒಂದು ಕಾಳಿಗೆ ಬೂಷ್ಟು ಹತ್ತಾಕೆ ಬಿಟ್ಟೋಳಲ್ಲ ಕಣೆ ನಾನು. ಮಗನ್ನ ಹೆಂಗೆ ಬಿಡ್ಲಿ?" ಎಂದರು. ಚೂರೇ ಚೂರು ಸಾಕಾಗಬಹುದು ಎಂದು ಸಮಾಧಾನ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಕರೆಂಟ್ ಬಂದು ಗಿರಣಿ ಗರ್ ಎಂದಿತು.

ಆದರೂ ಮುಂದಿನ ಸಲ ಹೋದಾಗ ಒಂದು ತಾಯಿತವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಗಿಟ್ಟರು. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಕೊಟ್ಟರು. ಸಂಕಟ ಇರುವುದೇ, ತಾಯಿಯಲ್ಲವೇ ಎಂದುಕೊಂಡೆ. ಪ್ರಯೋಗಾಲಯದಲ್ಲಿ ಅರಗು ಬಿಡಿಸಿ, ಒಳಗಿದ್ದ ಕಪ್ಪು ಚೂರನ್ನು ಕರಗಿಸಲು ಇಟ್ಟೆ. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಪರೀಕ್ಷೆಯಲ್ಲಿ ಮೊದಲು ನೋಡುವ ಸಂಗತಿಯೇ ತಪ್ಪಿತ್ತು. ಬಳ್ಳಿ ಗಂಡು ಮಗುವಿನದಲ್ಲ, ಹೆಣ್ಣು ಮಗುವಿನದು.

ಮೇಡಂ ನನ್ನ ಮುಖ ನೋಡಿದರು. ನಾನು ಕೊಳವೆಗಳನ್ನು ಅದಲು ಬದಲು ಮಾಡಿದೆನೇ ಎಂದು ಎರಡೆರಡು ಸಲ ನೋಡಿದೆ. ಇಲ್ಲ. ಒಂದೇ ಅಕ್ಕಸಾಲಿಗರು ಮಾಡಿದ ಎರಡು ತಾಯಿತ, ನೋಡಲು ಒಂದೇ ಥರ ಇರಬೇಕು. ವಯಸ್ಸಾದವರು, ಪಾಪ, ಮಗಳ ತಾಯಿತವನ್ನು ಮಗನದೆಂದು ಕೊಟ್ಟಿದ್ದಾರೆ ಎಂದುಕೊಂಡೆ. ಹೇಳುವುದು ಹೇಗೆ ಎಂದು ಬಸ್ಸಿನುದ್ದಕ್ಕೂ ಯೋಚಿಸುತ್ತ ನ್ಯಾಮತಿಗೆ ಹೋದೆ.

ಗಿರಣಿ ಓಡುತ್ತಿತ್ತು. ನಾನು ಕಿವಿಯ ಹತ್ತಿರ ಬಾಗಿ, "ಅತ್ತೆ, ಅದು ಹುಡುಗನದ್ದಲ್ಲ," ಎಂದೆ. ಅವರು ಗಿರಣಿ ನಿಲ್ಲಿಸಿದರು. ಮೇಲಿನ ಡಬ್ಬದಲ್ಲಿ ಇನ್ನೂ ಜೋಳ ತುಂಬಿರುವಾಗ ಅವರು ಗಿರಣಿ ನಿಲ್ಲಿಸಿದ್ದನ್ನು ನಾನು ಕಂಡಿರಲೇ ಇಲ್ಲ. ಕಾದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು.

"ಗೊತ್ತಾಗಿಬಿಡ್ತಾ?" ಎಂದರು. ಆಗ ನನಗೆ ಹೊಳೆಯಿತು, ಇದು ಕಣ್ತಪ್ಪಿನಿಂದ ಆದದ್ದಲ್ಲ.

"ಬೇಕಂತಲೇ ಕೊಟ್ಟಿರಾ?"

"ಎರಡೂ ಒಂದೇ ಹೊಟ್ಟೇಲಿ ಬಂದಿದ್ವಲ್ಲ. ಬಳ್ಳಿ ಅಂದ್ರೆ ನಂದೇ ಅಲ್ಲೇನು, ಯಾವುದಾದ್ರೂ ನಡೀತೈತೆ ಅನ್ಕಂಡೆ." ಸೆರಗಿನಿಂದ ಮುಖ ಒರೆಸಿಕೊಂಡರು, ಹಿಟ್ಟು ಕಣ್ಣೀರಿಗೆ ಕಲಸಿ ಕೆನ್ನೆಗೆ ಅಂಟಿತು. "ಅವಳದ್ದು ಕರಗಿದ್ರೆ ಏನಾತು? ಅವಳು ಸವಳಂಗದಾಗೆ ಐದಾಳೆ. ಬಸ್ ಹತ್ತಿದ್ರೆ ನೋಡ್ಕಂಡು ಬರ್ತೀನಿ. ಇವನದ್ದು ಕರಗಿದ್ರೆ ನಾನು ಯಾವ ಬಸ್ ಹತ್ಲಿ, ಹೇಳು?"

ನನಗೆ ಅಳು ತಡೆಯಲಾಗಲಿಲ್ಲ. ಅವರಿಗಿಂತ ಜೋರಾಗಿ ನಾನೇ ಅತ್ತೆನೇನೋ. ಬಳ್ಳಿ ತಾಯಿಯದಲ್ಲ, ಆಯಾ ಮಗುವಿನ ಮೈಯಿಂದಲೇ ಬೆಳೆದದ್ದು, ಅದಕ್ಕೇ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ ಎಂದು ಮೂಗು ಒರೆಸಿಕೊಳ್ಳುತ್ತಲೇ ಹೇಳಿದೆ. ಕೊಡಲೇಬೇಕು ಎಂದು ಮಾತ್ರ ಹೇಳಲಿಲ್ಲ. ಹೇಗೆ ಹೇಳಲಿ? ಹೊರಗೆ ಯಾರೋ "ಅತ್ತೇ, ಹಿಟ್ಟು..." ಎಂದು ಕರೆದರು. ಅತ್ತೆ ಎದ್ದು ಹೋಗಿ ಗಿರಣಿ ಶುರು ಮಾಡಿದರು.

ಎಷ್ಟೋ ದಿನ ಸುದ್ದಿ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ನಮ್ಮ ಪ್ರಯೋಗಾಲಯದ ಕಾವಲಿನವರು ಬಂದು, "ಯಾರೋ ಅಮ್ಮ ಬಂದು ಗೇಟ್ ಹತ್ರ ನಿಂತು ಕೂಗ್ತಾ ಇದಾರೆ, ನಿಮ್ಮವರಂತೆ," ಎಂದರು. ಓಡಿ ಹೋದೆ. ಕೂಗುತ್ತಿರಲಿಲ್ಲ, ಅತ್ತೆ ಮಾತಾಡುತ್ತಿದ್ದರು ಅಷ್ಟೆ. ಒಗೆದ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ರೆಪ್ಪೆಯ ಮೇಲೆ ಹಿಟ್ಟಿಲ್ಲ. ಹಾಗೆ ಅವರನ್ನು ಕಂಡು ಗುರುತೇ ಸಿಗದ ಹಾಗಾಯಿತು. ಮನೆಯಲ್ಲಿ ಅವನಿಗೆ ಇಷ್ಟವಾದ ಹೋಳಿಗೆ ಮಾಡಿ ಎಡೆ ಇಟ್ಟು ಬಂದಿದ್ದರಂತೆ. ಎಲೆಅಡಿಕೆ ಚೀಲದಿಂದ ತಾಯಿತ ತೆಗೆದು ನನ್ನ ಕೈಗೆ ಕೊಟ್ಟರು. ಆಡುವಾಗ, ಬೀಳುವಾಗ ನೆಲಕ್ಕೆ ತಾಗಿ ತಾಗಿ ಅದರ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವುದು ಯಾರದೆಂದು ತಿಳಿಯುತ್ತಿತ್ತು.

ಅರ್ಧ ಉಳಿಸಿ ಕೊಡಬೇಕೆಂದು ನಾನು ಮೇಡಂ ಹತ್ತಿರ ಮೊದಲೇ ಕೇಳಿಕೊಂಡಿದ್ದೆ. ಅವರೂ ಒಪ್ಪಿದ್ದರು. ಆದರೆ ಅರಗು ಬಿಡಿಸಿದರೆ ಒಳಗೆ ಇದ್ದದ್ದು ಸಾಸಿವೆಯಷ್ಟು ದಪ್ಪದ ಒಂದು ಚೂರು, ಉಳಿದದ್ದು ಪುಡಿ. ಬೆಳ್ಳಿ ಎಲ್ಲೋ ಬಿರುಕು ಬಿಟ್ಟು ಗಾಳಿ ಆಡಿರಬೇಕು. ಅಷ್ಟನ್ನೂ ಹಾಕದೆ ಬೇರೆ ದಾರಿ ಇರಲಿಲ್ಲ. ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ತಲೆ ಆಡಿಸಿದರು.

ಒಳಗೆ ಯಾರನ್ನೂ ಬಿಡುವ ಹಾಗಿಲ್ಲ. ಮೇಡಂ ಅವತ್ತು ತಾವೇ ಕೊಳವೆಯನ್ನು ಮುಚ್ಚಳ ಬಿಗಿದು ಪಡಸಾಲೆಗೆ ತಂದರು. ಕಿಣ್ವದ ಹನಿ ಬಿದ್ದಾಗಿತ್ತು. ಅತ್ತೆ ಬೆರಳಿನ ತುದಿಯಿಂದ ಕೊಳವೆಯನ್ನು ಮುಟ್ಟಿದರು.

"ಹೋಗಪ್ಪ," ಎಂದರು. "ತಂಗಿಗೋಸ್ಕರ ಹೋಗು. ಅವ್ವ ಇಲ್ಲೇ ಕೂತಿರ್ತೀನಿ."

ಅದನ್ನೂ ಗಿರಣಿಯ ದನಿಯಲ್ಲೇ ಹೇಳಿದರು. ಪಡಸಾಲೆಯ ಆ ತುದಿಯಲ್ಲಿ ಕಸ ಗುಡಿಸುತ್ತಿದ್ದವರು ಪೊರಕೆ ಹಿಡಿದು ನಿಂತರು. ಮೇಡಂ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದರು. ಅತ್ತೆ ನಿಜವಾಗಿಯೂ ಸಂಜೆಯ ಬಸ್ಸಿನವರೆಗೆ ಬೆಂಚಿನ ಮೇಲೆ ಕೂತೇ ಇದ್ದರು. ಊಟಕ್ಕೆ ಕರೆದರೂ ಏಳಲಿಲ್ಲ.

ಮಾರನೆಯ ದಿನ ಕೊಳವೆಯಲ್ಲಿ ತಿಳಿ ನೀರಿನಂಥದು ಬಿಟ್ಟು ಏನೂ ಇರಲಿಲ್ಲ. ಪುಡಿಯೂ ಇಲ್ಲ. ಬೂಷ್ಟಿನ ಆ ಕಿಣ್ವ ತನ್ನ ಕೆಲಸ ಮಾಡಿತ್ತು. ಉಳಿದ ಪರೀಕ್ಷೆಗಳು ನಡೆದು, ಹುಡುಗನಲ್ಲಿ ತಪ್ಪು ಎಲ್ಲಿತ್ತು ಎಂಬುದು ಸಿಕ್ಕಿತು. ತಂಗಿಯಲ್ಲಿ ಆ ಜಾಗ ಸರಿಯಾಗಿತ್ತು. ಅತ್ತೆಯ ರಕ್ತದಲ್ಲಿಯೂ ಆ ತಪ್ಪು ಇರಲಿಲ್ಲ, ಅದು ಹುಡುಗನಲ್ಲೇ ಹೊಸದಾಗಿ ಹುಟ್ಟಿಕೊಂಡದ್ದು. ಇಬ್ಬರನ್ನೂ ಕರೆಸಿ ಮೇಡಂ ತಿಳಿಸಿ ಹೇಳಿದಾಗ ಮಗಳು ಮೇಜಿನ ಮೇಲೆ ತಲೆ ಇಟ್ಟು ಅತ್ತಳು. ಅತ್ತೆ ಅಳಲಿಲ್ಲ.

"ಹಂಗಾದ್ರೆ ನನ್ನ ಹೊಟ್ಟೇದಲ್ಲ," ಎಂದರು, ಯಾರಿಗೋ ಅಲ್ಲ, ತಮಗೇ. ಆಮೇಲೆ ಮೇಡಂ ಕಡೆ ತಿರುಗಿ, "ಆ ನೀರು ಚೆಲ್ಲಿದ್ರೇನ್ರಿ?" ಎಂದು ಕೇಳಿದರು.

"ಇಲ್ಲಮ್ಮ. ಸ್ವಲ್ಪ ಉಳಿದಿದೆ, ಫ್ರೀಜರ್‌ನಲ್ಲಿ ಇಟ್ಟಿದೀವಿ."

"ಕರೆಂಟ್ ಹೋದ್ರೆ?"

"ಜನರೇಟರ್ ಇದೆ."

ಜನರೇಟರನ್ನು ಅತ್ತೆ ನಂಬಲಿಲ್ಲ. ಕರೆಂಟಿನ ಜೊತೆ ಬದುಕಿಡೀ ಏಗಿದವರು ಅವರು. ಅಲ್ಲಿಂದ ಶುರುವಾಯಿತು ನೋಡಿ. ನ್ಯಾಮತಿಯಲ್ಲಿ ಕರೆಂಟ್ ಹೋದರೆ ಸಾಕು, ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. "ಅಲ್ಲಿ ಕರೆಂಟ್ ಐತೇನೇ?" ಹಲೋ ಇಲ್ಲ, ಹೆಂಗಿದೀಯ ಇಲ್ಲ. ಐತೆ ಅತ್ತೆ ಎಂದರೆ "ಹಾಂ, ಸರಿ," ಎಂದು ಇಟ್ಟುಬಿಡುವುದು. ಮೀಟಿಂಗಿನಲ್ಲಿದ್ದಾಗ ಬರುತ್ತಿತ್ತು, ಬಸ್ಸಿನಲ್ಲಿದ್ದಾಗ ಬರುತ್ತಿತ್ತು, ಒಮ್ಮೆ ನನ್ನ ನಿಶ್ಚಿತಾರ್ಥದ ದಿನ ತಟ್ಟೆ ಬದಲಾಯಿಸುವ ಹೊತ್ತಿಗೂ ಬಂತು. ನಾನು ಸಿಡುಕುತ್ತಿದ್ದೆ, ಮನೆಯವರು ನಗುತ್ತಿದ್ದರು. ಗಿರಣಿಯ ಬೆಲ್ಟು ತರಲು ದಾವಣಗೆರೆಗೆ ಬಂದಾಗಲೆಲ್ಲ ನಮ್ಮ ಬೆಂಚಿನ ಮೇಲೆ ಒಂದು ಗಳಿಗೆ ಕೂತು, ಚಹಾ ಕುಡಿದು, ಫ್ರೀಜರ್ ಇರುವ ಕೋಣೆಯ ಬಾಗಿಲನ್ನು ನೋಡಿಕೊಂಡು ಹೋಗುತ್ತಿದ್ದರು. ಅವರಿಗೆ ಹತ್ತಲು ಒಂದು ಬಸ್ ಸಿಕ್ಕಿತ್ತು.

ಮಗಳಿಗೆ ಗಂಡು ಮಗುವಾಯಿತು. ಮೂಳೆ ಗಟ್ಟಿ, ಪುಂಡ. ನಡೆಯಲು ಕಲಿತ ದಿನದಿಂದ ಓಡುವುದೇ ಕೆಲಸ. ಗಿರಣಿಯ ಜೋಳದ ಚೀಲಗಳ ಮೇಲೆ ಹತ್ತಿ ಕೆಳಕ್ಕೆ ಹಾರುತ್ತಿದ್ದ. ಹಾರಿದಾಗಲೆಲ್ಲ ಅತ್ತೆ ಒಂದು ಕ್ಷಣ ಉಸಿರು ಬಿಗಿಹಿಡಿದು, ಅವನು ತಾನೇ ಎದ್ದು ನಿಂತ ಮೇಲೆ ಬೈಯುತ್ತಿದ್ದರು.

ಹೋದ ವರ್ಷ ಅತ್ತೆ ಹೋದರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಕೊಡಲು ಫೋನ್ ಮಾಡಿದ ಮಗಳು, "ಅಕ್ಕಾ, ಅಣ್ಣನ್ನ ಕರ್ಕಂಡು ಬರಾಕೆ ಆಗುತ್ತಾ?" ಎಂದಳು. ಏನು ಕೇಳುತ್ತಿದ್ದಾಳೆ ಎಂದು ನನಗೆ ತಕ್ಷಣ ತಿಳಿಯಿತು. ಮೇಡಂ ಬೇಡ ಎನ್ನಲಿಲ್ಲ. ಮನೆಯವರು ಕೇಳಿದರೆ ಕೊಡಬಹುದು ಎಂದು ತಾವೇ ಫ್ರೀಜರ್ ತೆಗೆದು ಕೊಳವೆಯನ್ನು ಹುಡುಕಿದರು. ಐಸ್ ತುಂಬಿದ ಡಬ್ಬಿಯಲ್ಲಿ ಅದನ್ನಿಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ನಾನು ಬಸ್ಸಿನಲ್ಲಿ ಊರಿಗೆ ಹೋದೆ. ಇನ್ನು ಅದನ್ನು ತಣ್ಣಗಿಡುವ ಅಗತ್ಯ ಇರಲಿಲ್ಲ. ಆದರೂ ದಾರಿಯುದ್ದಕ್ಕೂ ಐಸ್ ಕರಗೀತೆಂದು ಮುಚ್ಚಳ ಒತ್ತಿ ಹಿಡಿದಿದ್ದೆ.

ಅತ್ತೆಯನ್ನು ಮಣ್ಣಿಗಿಡುವಾಗ ಮಗಳು ಆ ಕೊಳವೆಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಹಿರಿಯರೊಬ್ಬರು ಅದೇನು ಎಂದು ಕೇಳಿದರು. "ನಮ್ಮಣ್ಣ," ಎಂದಳು. ಅವರು ಬಾಗಿ ಒಂದು ಹಿಡಿ ಮಣ್ಣು ಎತ್ತಿಕೊಂಡರು.

ಈಗ ನಮ್ಮ ಫ್ರೀಜರ್‌ನಲ್ಲಿ ಅವನಿಲ್ಲ. ಕಿಣ್ವದ ಹೊಸ ಬಾಟಲಿಗಳು ಬರುತ್ತಲೇ ಇರುತ್ತವೆ, ದಿನಾ ಯಾರ ಯಾರದೋ ಚೂರುಗಳನ್ನು ಕರಗಿಸಲು ಇಡುತ್ತೇನೆ. ಕೊಳವೆಯ ಮೇಲೆ ಗುರುತು ಬರೆಯುವಾಗ, ಇದರ ಹಿಂದೆ ಯಾವ ತಾಯಿ ಕೂತಿದ್ದಾಳೋ ಎಂದು ಒಮ್ಮೆ ಅನಿಸಿಯೇ ಅನಿಸುತ್ತದೆ. ಗಿರಣಿಯನ್ನು ಮಗಳು ಬೇರೆಯವರಿಗೆ ನಡೆಸಲು ಕೊಟ್ಟಿದ್ದಾಳೆ. ಆ ಹೊಸಬರ ದನಿ ಗೋಡೆಯಾಚೆ ಕೇಳುವುದಿಲ್ಲ ಎನ್ನುತ್ತಾರೆ ಅಮ್ಮ... ಹೋದ ವಾರ ಮಳೆಗೆ ಇಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವ ಮೊದಲು ಒಂದು ಗಳಿಗೆ ಎಲ್ಲ ನಿಶ್ಶಬ್ದ. ನಾನು ಕೈಗವಸು ಕಳಚಿ, ಫೋನ್ ಎತ್ತಿಕೊಂಡು, ಐತೆ ಅತ್ತೆ ಎಂದು ಹೇಳಲು ಕಾಯುತ್ತ ನಿಂತಿದ್ದೆ.